ಸಂಚಾಲಕರ ಕೆಲಸ ಏನು?

(ತಾಲ್ಲೂಕು ಮತ್ತು ಹೋಬಳಿ ಸಂಚಾಲಕರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)

ಗೆಳೆಯರೆ,

ಈ ಶಿಬಿರಕ್ಕೆ ಬಂದಿರುವ ನೀವೆಲ್ಲ ಒಂದೊಂದು ತಾಲ್ಲೂಕಿನ, ಒಂದೊಂದು ಹೋಬಳಿಯ ಜವಾಬ್ದಾರಿ ಹೊತ್ತವರು. ಹೋರಾಟ ಅಂದರೆ ಏನು ಅಂತ ನಿಮಗೆ ಹೇಳಿಕೊಡುವ ಅಗತ್ಯ ಇಲ್ಲ. ಹಾಗಾಗಿ ಇವತ್ತು ನಾವು ಮಾತಾಡುವುದು ಸರ್ಕಾರದ ಬಗ್ಗೆ ಅಲ್ಲ, ಮೇಲ್ಜಾತಿಯವರ ಬಗ್ಗೆಯೂ ಅಲ್ಲ. ನಿಮ್ಮ ಕೈಕೆಳಗೆ, ಅಲ್ಲ, ಈ 'ಕೈಕೆಳಗೆ' ಅನ್ನೋ ಮಾತೇ ಸರಿ ಇಲ್ಲ, ನಿಮ್ಮ ಜೊತೆಯಲ್ಲಿ ಕೆಲಸ ಮಾಡುವ ಹುಡುಗರು, ಹೆಣ್ಣುಮಕ್ಕಳು ಇದ್ದಾರಲ್ಲ, ಅವರನ್ನು ತಯಾರು ಮಾಡೋದು ಹೇಗೆ ಅನ್ನೋದರ ಬಗ್ಗೆ.

ಮೊದಲು ಒಂದು ಪ್ರಶ್ನೆ. ನಾಳೆ ಬೆಳಿಗ್ಗೆ ನಿಮಗೆ ಜ್ವರ ಬಂದು ಮಲಗಿದ್ದೀರಿ ಅಂತ ಇಟ್ಟುಕೊಳ್ಳಿ. ಅದೇ ದಿನ ನಿಮ್ಮ ತಾಲ್ಲೂಕಿನ ಯಾವುದೋ ಕೇರಿಗೆ ನುಗ್ಗಿ ಹೊಡೆದಿದ್ದಾರೆ. ನಾಲ್ಕು ಜನಕ್ಕೆ ಗಾಯ ಆಗಿದೆ. ಠಾಣೆಗೆ ಹೋಗಿ ದೂರು ಬರೆಸೋರು ಯಾರು? ಗಾಯ ಆದವರನ್ನು ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋಗಿ ಗಾಯದ ಚೀಟಿ ಮಾಡಿಸೋರು ಯಾರು? ಎಸ್.ಐ. 'ನಾಳೆ ಬನ್ನಿ' ಅಂದರೆ 'ಇಲ್ಲ ಸಾರ್, ಇವತ್ತೇ ಆಗಬೇಕು' ಅಂತ ಅಲ್ಲೇ ಕೂರೋರು ಯಾರು? ನಿಮ್ಮ ತಾಲ್ಲೂಕಿನಲ್ಲಿ ಅಂಥ ಇನ್ನೊಬ್ಬರ ಹೆಸರು ನಿಮಗೆ ಥಟ್ಟನೆ ನೆನಪಿಗೆ ಬಂತೆ? ಬಂದಿದ್ದರೆ ಸಂತೋಷ. ಬರಲಿಲ್ಲ ಅಂದರೆ ನಿಮ್ಮ ತಾಲ್ಲೂಕಿನಲ್ಲಿ ಸಂಘಟನೆ ಇಲ್ಲ, ನೀವೊಬ್ಬರು ಇದ್ದೀರಿ, ಅಷ್ಟೆ.

ಇದು ಸಣ್ಣ ಮಾತಲ್ಲ. ದೂರು ಒಂದು ದಿನ ತಡ ಆದರೆ ಏನಾಗುತ್ತೆ ಅನ್ನೋದು ನಿಮಗೆ ಗೊತ್ತು. ರಾತ್ರೋರಾತ್ರಿ ಊರಿನ ದೊಡ್ಡವರು ಬಂದು ರಾಜಿ ಮಾಡಿಸುತ್ತಾರೆ. ಇಲ್ಲ, ಹೊಡೆದವರೇ ಮೊದಲು ಹೋಗಿ ಹೊಡೆಸಿಕೊಂಡವರ ಮೇಲೆ ಕೇಸು ಹಾಕಿರುತ್ತಾರೆ. ಗಾಯ ಮಾಯುತ್ತೆ, ಸಾಕ್ಷಿ ಹೆದರುತ್ತೆ. ಆಮೇಲೆ ಕೋರ್ಟಿನಲ್ಲಿ 'ಯಾಕೆ ತಡ ಮಾಡಿದಿರಿ' ಅಂತ ಕೇಳುತ್ತಾರೆ. 'ನಮ್ಮ ಅಣ್ಣ ಬೆಂಗಳೂರಿಗೆ ಹೋಗಿದ್ದರು ಸ್ವಾಮಿ' ಅಂತ ಹೇಳೋಕಾಗುತ್ತದೆಯೇ?

'ಅಣ್ಣಂಗೆ ಒಂದು ಫೋನ್ ಮಾಡು, ಅಣ್ಣ ಬರ್ತಾರೆ' ಅನ್ನೋದು ಎಷ್ಟೋ ಕಡೆ ರೂಢಿ ಆಗಿಬಿಟ್ಟಿದೆ. ಕೇಳೋಕೆ ಚೆನ್ನಾಗಿದೆ. ಅಣ್ಣನಿಗೂ ಚೆನ್ನಾಗಿದೆ, ಹತ್ತು ಜನ ಕಾಯುತ್ತಾ ಇರುತ್ತಾರೆ, ಗಾಡಿ ನಿಂತ ಕೂಡಲೆ ಎದ್ದು ನಿಲ್ಲುತ್ತಾರೆ. ಆದರೆ ಸ್ವಲ್ಪ ಯೋಚನೆ ಮಾಡಿ ನೋಡಿ. ಹಿಂದೆ ನಮ್ಮ ಹಿರಿಯರು ಏನೇ ಆದರೂ ಗೌಡರ ಹಟ್ಟಿ ಮುಂದೆ ಹೋಗಿ ಕೈಕಟ್ಟಿ ನಿಂತು 'ನೀವೇ ಒಂದು ದಾರಿ ಮಾಡಬೇಕು ಬುದ್ಧಿ' ಅನ್ನುತ್ತಿದ್ದರು. ಈಗ ಗೌಡರ ಜಾಗದಲ್ಲಿ ಅಣ್ಣ ನಿಂತಿದ್ದಾರೆ. ಕೈಕಟ್ಟೋದು ಹಾಗೇ ಉಳಿದಿದೆ. ಇದಕ್ಕೆ ವಿಮೋಚನೆ ಅಂತ ಹೆಸರಿಡೋದು ಹೇಗೆ?

ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ 70ರ ದಶಕದಲ್ಲಿ, ಪ್ರೊ. ಬಿ. ಕೃಷ್ಣಪ್ಪನವರ ಕಾಲದಲ್ಲಿ, ಹೊಣೆ ಹೊತ್ತವರನ್ನು 'ಅಧ್ಯಕ್ಷರು' ಅನ್ನದೆ 'ಸಂಚಾಲಕರು' ಅಂತ ಕರೆದರು. ಆ ಮಾತಿನಲ್ಲೇ ಅರ್ಥ ಇದೆ. ಅಧ್ಯಕ್ಷ ಅಂದರೆ ಮೇಲೆ ಕೂತವನು. ಸಂಚಾಲಕ ಅಂದರೆ ನಡೆಸುವವನು, ನಿಂತದ್ದನ್ನು ಚಲಿಸುವಂತೆ ಮಾಡುವವನು. ತಾನೊಬ್ಬನೇ ಓಡಾಡುತ್ತಾ ಉಳಿದವರೆಲ್ಲ ನಿಂತು ನೋಡುತ್ತಿದ್ದರೆ ಅವನು ಏನನ್ನು ಸಂಚಾಲನೆ ಮಾಡಿದ ಹಾಗಾಯಿತು?

ಬಾಬಾಸಾಹೇಬರಿಂದ ಕಲಿಯೋಣ. ಅವರು ಬರೆದದ್ದನ್ನು, ಭಾಷಣ ಮಾಡಿದ್ದನ್ನು ನಾವೆಲ್ಲ ಹೇಳುತ್ತೇವೆ. ಕಾರ್ಯಕರ್ತರನ್ನು ಅವರು ಹೇಗೆ ಬೆಳೆಸಿದರು ಅನ್ನೋದನ್ನು ಅಷ್ಟಾಗಿ ಹೇಳುವುದಿಲ್ಲ.

1930ರ ಮಾರ್ಚ್ 2ರಂದು ನಾಸಿಕದಲ್ಲಿ ಕಾಳಾರಾಮ ದೇವಸ್ಥಾನದ ಸತ್ಯಾಗ್ರಹ ಶುರುವಾಯಿತು. ಅದು ಒಂದು ದಿನದ ಧರಣಿ ಅಲ್ಲ, ಸುಮಾರು ಐದು ವರ್ಷ ಎಳೆದಾಡಿದ ಹೋರಾಟ. ಆ ಐದು ವರ್ಷವೂ ಬಾಬಾಸಾಹೇಬರು ನಾಸಿಕದಲ್ಲೇ ಕೂತಿದ್ದರೇ? ಇಲ್ಲ. 1930ರಿಂದ 32ರವರೆಗೆ ದುಂಡುಮೇಜಿನ ಪರಿಷತ್ತಿಗಾಗಿ ಲಂಡನ್ನಿಗೆ ಹೋಗಿ ಬರುತ್ತಿದ್ದರು. ಬೊಂಬಾಯಿಯಲ್ಲಿ ವಕೀಲಿ ಇತ್ತು, ಓದು ಬರಹ ಇತ್ತು. ನಾಸಿಕದ ಬೀದಿಯಲ್ಲಿ ಜನರನ್ನು ಹಿಡಿದು ನಿಲ್ಲಿಸಿದ್ದವರು ಭಾವುರಾವ್ ಗಾಯಕ್ವಾಡ್. ಜನ ಅವರನ್ನು ದಾದಾಸಾಹೇಬ್ ಅಂತ ಕರೆದರು. ಹುಟ್ಟಿದ್ದು 1902ರಲ್ಲಿ. ಸತ್ಯಾಗ್ರಹ ಶುರುವಾದಾಗ ಮೂವತ್ತು ತುಂಬದ ಹುಡುಗ.

ಅಂಥ ಹುಡುಗನ ಕೈಗೆ ಇಡೀ ಹೋರಾಟ ಬಿಟ್ಟು ಹೋಗಲು ಧೈರ್ಯ ಬೇಕು. ಆದರೆ ಸುಮ್ಮನೆ ಬಿಟ್ಟು ಹೋಗಲಿಲ್ಲ. ಕಾಗದ ಬರೆದರು. ಬಾಬಾಸಾಹೇಬರು ಗಾಯಕ್ವಾಡರಿಗೆ ಬರೆದ ಕಾಗದಗಳು ಉಳಿದಿವೆ, ಅಚ್ಚಾಗಿವೆ. 1934ರ ಮಾರ್ಚಿನ ಒಂದು ಕಾಗದದಲ್ಲಿ ಅವರು ಬಿಡಿಸಿ ಹೇಳುತ್ತಾರೆ: ನಾನು ದೇವಸ್ಥಾನದ ಸತ್ಯಾಗ್ರಹ ಶುರು ಮಾಡಿದ್ದು ನಮ್ಮ ಜನ ವಿಗ್ರಹ ಪೂಜೆ ಮಾಡಲಿ ಅಂತಲ್ಲ, ನಮ್ಮ ಜನರಲ್ಲಿ ಚೈತನ್ಯ ತುಂಬಬೇಕು, ತಮ್ಮ ಸ್ಥಿತಿ ಏನು ಅಂತ ಅವರಿಗೆ ಅರಿವಾಗಬೇಕು, ಅದಕ್ಕೆ ಅದು ಒಳ್ಳೆ ದಾರಿ ಅನ್ನಿಸಿತ್ತು, ಆ ಕೆಲಸ ಆಗಿದೆ, ಇನ್ನು ಶಕ್ತಿಯನ್ನು ರಾಜಕೀಯ ಮತ್ತು ವಿದ್ಯಾಭ್ಯಾಸದ ಕಡೆ ತಿರುಗಿಸಬೇಕು. ಇದು ಅದರ ಸಾರಾಂಶ.

ಗಮನಿಸಿ ಗೆಳೆಯರೆ. 'ನಿಲ್ಲಿಸು' ಅಂತ ಮೂರು ಅಕ್ಷರದ ತಂತಿ ಕಳಿಸಿದ್ದರೂ ಗಾಯಕ್ವಾಡರು ಪಾಲಿಸುತ್ತಿದ್ದರು. ಬಾಬಾಸಾಹೇಬರು ಹಾಗೆ ಮಾಡಲಿಲ್ಲ. ಯಾಕೆ ಶುರು ಮಾಡಿದೆವು, ಈಗ ಯಾಕೆ ದಾರಿ ಬದಲಿಸುತ್ತಿದ್ದೇವೆ ಅನ್ನೋದನ್ನು ವಿವರಿಸಿದರು. ಅಪ್ಪಣೆ ಕೊಟ್ಟರೆ ಆಳು ತಯಾರಾಗುತ್ತಾನೆ. ಕಾರಣ ಹೇಳಿದರೆ ಕಾರ್ಯಕರ್ತ ತಯಾರಾಗುತ್ತಾನೆ. ಕಾರಣ ಗೊತ್ತಿದ್ದವನು ನಾಳೆ ಪರಿಸ್ಥಿತಿ ಬದಲಾದಾಗ ನಿಮ್ಮನ್ನು ಕೇಳದೆಯೂ ಸರಿಯಾದ ತೀರ್ಮಾನ ತೆಗೆದುಕೊಳ್ಳಬಲ್ಲ.

ಹಾಗೇ ಆಯಿತು. 1956ರ ಡಿಸೆಂಬರ್ 6ರಂದು ಬಾಬಾಸಾಹೇಬರು ತೀರಿಕೊಂಡರು. ಗಾಯಕ್ವಾಡರು ನಿಲ್ಲಲಿಲ್ಲ. 1959ರಲ್ಲಿ ಮಹಾರಾಷ್ಟ್ರದ ಭೂಹೀನರ ಸತ್ಯಾಗ್ರಹ, ಆಮೇಲೆ 1964ರ ಡಿಸೆಂಬರ್ 6ರಿಂದ ದೇಶದ ಹಲವು ರಾಜ್ಯಗಳಲ್ಲಿ ಭೂಮಿ ಸತ್ಯಾಗ್ರಹ. ಹೇಳಿಕೊಡುವ ಕಾಗದ ಬರುವುದು ನಿಂತು ಎಂಟು ವರ್ಷ ಆಗಿತ್ತು. ಕಲಿತದ್ದು ಕೈಯಲ್ಲಿತ್ತು.

ಇನ್ನೊಂದು ಸಂಗತಿ. 1956ರ ಜುಲೈನಲ್ಲಿ ಬಾಬಾಸಾಹೇಬರು ಬೊಂಬಾಯಿಯಲ್ಲಿ ರಾಜಕೀಯಕ್ಕೆ ಬರುವವರಿಗಾಗಿ ಒಂದು ತರಬೇತಿ ಶಾಲೆ ತೆರೆದರು. ಆಗ ಮೈಯಲ್ಲಿ ಆರೋಗ್ಯ ಇರಲಿಲ್ಲ, ಬುದ್ಧನ ಬಗೆಗಿನ ಪುಸ್ತಕ ಮುಗಿಸಬೇಕಾಗಿತ್ತು, ಧರ್ಮಾಂತರದ ಸಿದ್ಧತೆ ನಡೆದಿತ್ತು. ಅಷ್ಟರ ನಡುವೆಯೂ ಕಲಿಸೋದಕ್ಕೆ ಒಂದು ಶಾಲೆ ಬೇಕು ಅನ್ನಿಸಿತು. ಸಂವಿಧಾನ ಬರೆದವರಿಗೇ ಅದಕ್ಕೆ ಪುರುಸೊತ್ತು ಸಿಕ್ಕಿತು. ನಮಗೆ ಸಿಗುವುದಿಲ್ಲ ಅಂದರೆ ಯಾರು ನಂಬುತ್ತಾರೆ?

ಈಗ ದೂರದ ಒಂದು ಕತೆ. ಕತೆ ಅಲ್ಲ, ನಡೆದದ್ದು. ಅಮೆರಿಕಾದ ಕಪ್ಪು ಜನರ ಹೋರಾಟದ ಬಗ್ಗೆ ನಮಗೆ ಮಾರ್ಟಿನ್ ಲೂಥರ್ ಕಿಂಗ್ ಹೆಸರು ಗೊತ್ತು. ಸೆಪ್ಟಿಮಾ ಕ್ಲಾರ್ಕ್ ಅನ್ನುವ ಹೆಣ್ಣುಮಗಳ ಹೆಸರು ಎಷ್ಟು ಜನಕ್ಕೆ ಗೊತ್ತು? ಸಂಚಾಲಕರಾದವರು ಮೊದಲು ತಿಳಿಯಬೇಕಾದ ಹೆಸರು ಅದು.

ದಕ್ಷಿಣ ಕ್ಯಾರೊಲಿನಾ ರಾಜ್ಯದಲ್ಲಿ ಆಕೆ ಮೇಷ್ಟ್ರಮ್ಮ. ಕಪ್ಪು ಜನರ ಹಕ್ಕಿನ ಸಂಘದ ಸದಸ್ಯತ್ವ ಬಿಡಬೇಕು ಅಂತ ಸರ್ಕಾರಿ ನೌಕರರ ಮೇಲೆ ಒತ್ತಡ ಬಂತು. ಆಕೆ ಬಿಡಲಿಲ್ಲ, ಮುಚ್ಚಿಡಲೂ ಇಲ್ಲ. 1956ರಲ್ಲಿ ಕೆಲಸ ಹೋಯಿತು. ಆಗ ಆಕೆಗೆ ವಯಸ್ಸು ಐವತ್ತೆಂಟು. ಅಲ್ಲಿಂದ ಟೆನೆಸಿಯ ಹೈಲ್ಯಾಂಡರ್ ಅನ್ನುವ ತರಬೇತಿ ಶಾಲೆಗೆ ಸೇರಿದರು. 1955ರ ಡಿಸೆಂಬರಿನಲ್ಲಿ ಬಸ್ಸಿನ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಗೊತ್ತಲ್ಲ, ಆಕೆ ಅದೇ ವರ್ಷದ ಬೇಸಿಗೆಯಲ್ಲಿ ಇದೇ ಶಾಲೆಯ ಶಿಬಿರಕ್ಕೆ ಹೋಗಿ ಬಂದಿದ್ದರು. ಇದ್ದಕ್ಕಿದ್ದ ಹಾಗೆ ಆಯಾಸ ಆಗಿ ಕೂತ ಹೆಂಗಸಲ್ಲ ಆಕೆ, ತಯಾರಾದ ಕಾರ್ಯಕರ್ತೆ.

ಅದೇ ಕ್ಯಾರೊಲಿನಾದ ಕಡಲಂಚಿನಲ್ಲಿ ಜಾನ್ಸ್ ದ್ವೀಪ. ಅಲ್ಲಿ ಈಸಾ ಜೆಂಕಿನ್ಸ್ ಅನ್ನುವವರು ಬಸ್ಸು ಓಡಿಸುತ್ತಿದ್ದರು, ಪಟ್ಟಣದ ಕೆಲಸಕ್ಕೆ ಹೋಗುವವರನ್ನು ಕರಕೊಂಡು ಹೋಗುತ್ತಿದ್ದರು. ಆ ಕಾಲಕ್ಕೆ ಮತದಾರರಾಗಬೇಕಾದರೆ ರಾಜ್ಯದ ಸಂವಿಧಾನದ ಒಂದು ಭಾಗವನ್ನು ಓದಿ ತೋರಿಸಬೇಕಿತ್ತು. ಓದು ಬಾರದ ಕಪ್ಪು ಜನರನ್ನು ಹೊರಗಿಡುವ ಉಪಾಯ ಅದು. ಆಲಿಸ್ ವೈನ್ ಅನ್ನುವ ಹೆಂಗಸು 'ನನಗೆ ಓಟು ಮಾಡಬೇಕು, ಓದೋಕೆ ಬರೋಲ್ಲ' ಅಂದರು. ಜೆಂಕಿನ್ಸ್ ಆ ಸಂವಿಧಾನದ ಭಾಗವನ್ನು ಬಸ್ಸಿನಲ್ಲೇ ಹಂಚಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದರು. ಆದರೆ ಬಾಯಿಪಾಠ ಬೇರೆ, ಓದು ಬೇರೆ. ಜನಕ್ಕೆ ಬೇಕಾಗಿದ್ದು ಓದು.

ಆಗ ಒಂದು ಶಾಲೆ ಬೇಕು ಅಂತ ತೀರ್ಮಾನ ಆಯಿತು. ಒಂದು ಹಳೆ ಕಟ್ಟಡ ಕೊಂಡರು. ಮುಂದೆ ಸಹಕಾರಿ ಅಂಗಡಿ, ಹಿಂದಿನ ಕೋಣೆಯಲ್ಲಿ ಪಾಠ. ಬಿಳಿಯರ ಕಣ್ಣಿಗೆ ಅಂಗಡಿ ಮಾತ್ರ ಕಾಣಲಿ ಅಂತ. 1957ರ ಜನವರಿಯಲ್ಲಿ ಶಾಲೆ ಶುರುವಾಯಿತು. ಕಲಿಸೋಕೆ ಯಾರನ್ನು ಹಾಕಿದರು? ಇದೇ ಮುಖ್ಯ. ಬಿ.ಎ., ಎಂ.ಎ. ಮಾಡಿದ ಮೇಷ್ಟ್ರನ್ನು ಬೇಕಂತಲೇ ಹಾಕಲಿಲ್ಲ. ದೊಡ್ಡವರನ್ನು ಮಕ್ಕಳ ಹಾಗೆ ಗದರಿಸುತ್ತಾರೆ, ಜನ ನಾಚಿಕೊಂಡು ಓಡಿಹೋಗುತ್ತಾರೆ ಅನ್ನೋದು ಅವರಿಗೆ ಗೊತ್ತಿತ್ತು. ಬರ್ನೀಸ್ ರಾಬಿನ್ಸನ್ ಅನ್ನುವ ಹೆಂಗಸನ್ನು ಹಾಕಿದರು. ಕೂದಲು ಬಾಚಿ ಕಟ್ಟುವ, ಬಟ್ಟೆ ಹೊಲಿಯುವ ಕೆಲಸದವರು. 'ನಾನು ಮೇಷ್ಟ್ರಲ್ಲ, ನನ್ನ ಕೈಯಲ್ಲಾಗೋಲ್ಲ' ಅಂತ ಆಕೆ ಹಿಂಜರಿದರು. ಸೆಪ್ಟಿಮಾ ಬಿಡಲಿಲ್ಲ.

ಮೊದಲ ದಿನ ಹದಿನಾಲ್ಕು ಜನ ಬಂದರು. ರಾಬಿನ್ಸನ್ ಮಕ್ಕಳ ಪಾಠಪುಸ್ತಕ ತಂದಿದ್ದರು. ಹೊಲದಲ್ಲಿ ದುಡಿದು ಬಂದ ಹಿರಿಯರಿಗೆ ಅದನ್ನು ಓದಿಸೋದು ಅವಮಾನ ಅನ್ನಿಸಿತು. ಪಕ್ಕಕ್ಕಿಟ್ಟರು. 'ನಿಮಗೇನು ಕಲೀಬೇಕು ಹೇಳಿ' ಅಂತ ಕೇಳಿದರು. ಒಬ್ಬರಿಗೆ ತಮ್ಮ ಹೆಸರು ಬರೆಯಬೇಕು. ಒಬ್ಬರಿಗೆ ಬೈಬಲ್ ಓದಬೇಕು. ಇನ್ನೊಬ್ಬರಿಗೆ ಮನಿಯಾರ್ಡರ್ ಫಾರಂ ತುಂಬಬೇಕು. ಅವೇ ಪಾಠ ಆದವು. ರಟ್ಟಿನ ಮೇಲೆ ಹೆಸರು ಬರೆದುಕೊಟ್ಟು ಅದರ ಮೇಲೇ ಮತ್ತೆ ಮತ್ತೆ ತಿದ್ದಿಸಿದರು, ನಮ್ಮಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಹಾಗೆ. ಜೊತೆಗೆ ಮತದಾರರ ನೋಂದಣಿಗೆ ಬೇಕಾದ ಓದು. ವಾರಕ್ಕೆ ಎರಡು ರಾತ್ರಿ, ಎರಡು ಮೂರು ತಿಂಗಳು, ಬೇಸಾಯದ ಕೆಲಸ ಕಡಿಮೆ ಇರುವ ಚಳಿಗಾಲದಲ್ಲಿ.

ಅಕ್ಕಪಕ್ಕದ ದ್ವೀಪಗಳವರು ನಮಗೂ ಬೇಕು ಅಂದರು. ಹೈಲ್ಯಾಂಡರ್ ಶಾಲೆಯನ್ನು ಸರ್ಕಾರ ಮುಚ್ಚಿಸಿತು. ಆದರೆ 1961ರಲ್ಲಿ ಈ ಕೆಲಸವನ್ನು ಕಿಂಗ್ ಅವರ ಸಂಘಟನೆ ವಹಿಸಿಕೊಂಡಿತು. ಜಾರ್ಜಿಯಾದಲ್ಲಿ ಒಂದು ಕೇಂದ್ರ. ಹಳ್ಳಿಹಳ್ಳಿಯಿಂದ ಬಂದವರಿಗೆ ಐದು ದಿನದ ತರಬೇತಿ. ಕಲಿತವರು ತಿರುಗಿ ಹೋಗಿ ತಮ್ಮೂರಲ್ಲಿ ಕಲಿಸಬೇಕು. ಹತ್ತಿ ಬಿಡಿಸುವವರು, ಅಡುಗೆ ಕೆಲಸದವರು, ಬಟ್ಟೆ ಒಗೆಯುವವರು ಮೇಷ್ಟ್ರಾದರು. 1965ರ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾನೂನು ಬಂದು, ಕಪ್ಪು ಜನರನ್ನು ಹೊರಗಿಟ್ಟಿದ್ದ ದಕ್ಷಿಣದ ರಾಜ್ಯಗಳಲ್ಲಿ ಆ ಓದಿನ ಪರೀಕ್ಷೆ ನಿಂತಿತು. ಕಾನೂನು ಬಂದ ದಿನ ಅದನ್ನು ಉಪಯೋಗಿಸಿಕೊಳ್ಳಲು ಗೊತ್ತಿದ್ದ ಜನ ಊರೂರಲ್ಲಿ ಇದ್ದರು. ನಮ್ಮಲ್ಲಿ ಎಷ್ಟು ಕಾನೂನು ಬಂದಿಲ್ಲ? ಉಪಯೋಗಿಸುವ ಕೈಗಳು ಎಷ್ಟಿವೆ?

ಸೆಪ್ಟಿಮಾ ಬಗ್ಗೆ ಕೊನೆಯದಾಗಿ ಒಂದು ಮಾತು. ಎಲ್ಲ ಊರಿನವರೂ ಮೆರವಣಿಗೆಗೆ ಕಿಂಗ್ ಅವರೇ ಬರಬೇಕು ಅನ್ನುತ್ತಿದ್ದರು. ಆಕೆ ಕಿಂಗ್ ಅವರಿಗೆ ಒಂದು ಕಾಗದ ಬರೆದು, ಎಲ್ಲ ಮೆರವಣಿಗೆಗೂ ನೀವೇ ಮುಂದೆ ನಿಲ್ಲಬೇಡಿ, ಅಲ್ಲಲ್ಲಿನ ಜನರನ್ನೇ ನಾಯಕರಾಗಿ ಬೆಳೆಸಿ ಅಂತ ಕೇಳಿದರು. ಕಾಗದವನ್ನು ಸಂಘಟನೆಯವರ ಮುಂದೆ ಓದಿದಾಗ ಎಲ್ಲರೂ ನಕ್ಕುಬಿಟ್ಟರು ಅಂತ ಆಕೆಯೇ ಮುಂದೆ ಹೇಳಿಕೊಂಡಿದ್ದಾರೆ. ಹೆಂಗಸಿನ ಮಾತು ಅಂತ ನಕ್ಕರು. ಕಿಂಗ್ ಅವರನ್ನು 1968ರಲ್ಲಿ ಕೊಂದರು. ಆ ಕಾಗದದಲ್ಲಿ ನಗುವಂಥದ್ದು ಏನಿತ್ತು ನೀವೇ ಹೇಳಿ.

ಸರಿ, ಇನ್ನು ನಮ್ಮ ಕೆಲಸಕ್ಕೆ ಬರೋಣ. ಕಲಿಸೋದು ಅಂದರೆ ಭಾಷಣ ಮಾಡೋದಲ್ಲ. ತಮಟೆ ಹೇಗೆ ಕಲಿತೆವು? ಬಿಟ್ಟಿ ಚಾಕರಿಯ ತಮಟೆ ಬಿಟ್ಟರೂ ಹೋರಾಟದ ತಮಟೆ ನಮ್ಮ ಕೈಯಲ್ಲೇ ಇದೆ. ಯಾರಾದರೂ ಕೂರಿಸಿಕೊಂಡು ತಾಳದ ಬಗ್ಗೆ ಭಾಷಣ ಮಾಡಿದರೇ? ಮೊದಲು ಹುಲ್ಲಿನ ಬೆಂಕಿಗೆ ತಮಟೆ ಕಾಯಿಸಿಕೊಡುವ ಕೆಲಸ. ಆಮೇಲೆ ದೊಡ್ಡವರ ಪಕ್ಕ ನಿಂತು ಸುಮ್ಮನೆ ಒಂದೇ ಪೆಟ್ಟು. ಆಮೇಲೆ ಜೊತೆ. ಒಂದು ದಿನ ದೊಡ್ಡವರು ಹಿಂದೆ ಸರಿದು 'ನೀನು ಹಿಡಿಯೋ' ಅಂದರು. ಠಾಣೆಯ ಕೆಲಸವನ್ನೂ ಹೀಗೇ ಕಲಿಸಬೇಕು.

ಮೊದಲನೇ ಸಲ, ಹುಡುಗ ನೋಡಲಿ. ಆದರೆ ಹೋಗೋಕೆ ಮುಂಚೆ ಅವನಿಗೆ ಹೇಳಿ: ಇವತ್ತು ನಾವು ಯಾಕೆ ಹೋಗ್ತಾ ಇದ್ದೀವಿ, ಏನು ಕೇಳ್ತೀವಿ, ಅವರು ಏನು ಹೇಳಬಹುದು. 1989ರ ದೌರ್ಜನ್ಯ ತಡೆ ಕಾಯ್ದೆ ಅಂತ ಒಂದಿದೆ, 2018ರ ತಿದ್ದುಪಡಿ ಪ್ರಕಾರ ಎಫ್.ಐ.ಆರ್. ಹಾಕೋಕೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಾಗಿಲ್ಲ, ಅವರು 'ವಿಚಾರಣೆ ಮಾಡಿ ಆಮೇಲೆ ನೋಡೋಣ' ಅಂದರೆ ನಾವು ಇದನ್ನು ಹೇಳಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ, ಬಾಯಲ್ಲಿ ಹೇಳಿದ ದೂರನ್ನೂ ಬರೆದುಕೊಳ್ಳಬೇಕು, ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು ಅಂತ ಇದೆ. ಇಷ್ಟು ಗೊತ್ತಿದ್ದು ನೋಡಿದರೆ ಹುಡುಗನಿಗೆ ನೋಡಿದ್ದು ಅರ್ಥ ಆಗುತ್ತೆ. ಗೊತ್ತಿಲ್ಲದೆ ನೋಡಿದರೆ 'ಅಣ್ಣ ಎಷ್ಟು ಜೋರಾಗಿ ಮಾತಾಡಿದರು' ಅನ್ನೋದು ಬಿಟ್ಟು ಬೇರೇನೂ ತಲೆಯಲ್ಲಿ ಉಳಿಯೋಲ್ಲ.

ಎರಡನೇ ಸಲ, ದೂರನ್ನು ಅವನು ಬರೆಯಲಿ. ನೊಂದವರ ಪಕ್ಕ ಕೂತು ಅವರ ಬಾಯಲ್ಲೇ ಕೇಳಿ ಬರೆಯಲಿ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರ್ಯಾರು, ಏನಂತ ಬೈದರು, ಯಾತರಲ್ಲಿ ಹೊಡೆದರು, ನೋಡಿದವರು ಯಾರು. ನೊಂದವರ ಜಾತಿ, ಹೊಡೆದವರ ಜಾತಿ ಎರಡೂ ದೂರಿನಲ್ಲಿ ಬಂತಾ? ಅದು ಬಿಟ್ಟುಹೋದರೆ ಕಾಯ್ದೆಯೇ ಕೈತಪ್ಪಬಹುದು. ಅವನು ಬರೆದದ್ದನ್ನು ನೀವು ಹರಿದು ಹೊಸದಾಗಿ ಬರೆಯಬೇಡಿ. 'ಇಲ್ಲಿ ಹೊತ್ತು ಬರೆದಿಲ್ಲ ನೋಡು' ಅಂತ ತೋರಿಸಿ, ಅವನ ಕೈಯಲ್ಲೇ ತಿದ್ದಿಸಿ. ಅಕ್ಷರ ಸೊಟ್ಟಗಿದ್ದರೆ ಇರಲಿ.

ಮೂರನೇ ಸಲ, ಅವನು ಮಾತಾಡಲಿ, ನೀವು ಹಿಂದಿನ ಬೆಂಚಿನಲ್ಲಿ ಕೂತಿರಿ. ಇದು ಕಷ್ಟದ ಕೆಲಸ. ಅವನು ತಡವರಿಸುತ್ತಾನೆ. ಎಸ್.ಐ. ಅವನನ್ನು ಬಿಟ್ಟು ನಿಮ್ಮ ಮುಖ ನೋಡಿ ಮಾತಾಡುತ್ತಾನೆ. ನಿಮಗೆ ನಾಲಗೆ ತುರಿಸುತ್ತೆ. ತಡೆದುಕೊಳ್ಳಿ. 'ಇವರನ್ನೇ ಕೇಳಿ ಸಾರ್, ಈ ಊರಿನ ಜವಾಬ್ದಾರಿ ಇವರದು' ಅಂತ ಒಂದೇ ಮಾತು ಹೇಳಿ. ಆ ಒಂದು ಮಾತಿನಿಂದ ಆ ಹುಡುಗ ಒಂದು ಅಡಿ ಎತ್ತರ ಆಗುತ್ತಾನೆ. ನೊಂದವರಿಗೆ ನಿಜವಾಗಿ ತೊಂದರೆ ಆಗುವ ಹಾಗಿದ್ದರೆ ಮಾತ್ರ ಎದ್ದು ಬನ್ನಿ. ಕಾರ್ಯಕರ್ತನ ಕಲಿಕೆಗೆ ನೊಂದವರು ಬೆಲೆ ಕೊಡಬಾರದು.

ನಾಲ್ಕನೇ ಸಲ, ಅವನೇ ಇನ್ನೊಬ್ಬನನ್ನು ಕರಕೊಂಡು ಹೋಗಲಿ. ದೂರು ತೆಗೆದುಕೊಳ್ಳದಿದ್ದರೆ ಎಸ್.ಪಿ.ಗೆ ಅಂಚೆಯಲ್ಲಿ ಕಳಿಸೋದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗೋದು, ತನಿಖೆ ಡಿ.ವೈ.ಎಸ್.ಪಿ. ದರ್ಜೆಗೆ ಕಡಿಮೆ ಇಲ್ಲದವರು ಮಾಡ್ತಾ ಇದ್ದಾರಾ ಅಂತ ನೋಡೋದು, 1995ರ ನಿಯಮಗಳ ಪ್ರಕಾರ ಪರಿಹಾರಕ್ಕೆ ಬೆನ್ನು ಹತ್ತೋದು, ಇದನ್ನೆಲ್ಲ ಅವನು ಮತ್ತೊಬ್ಬನಿಗೆ ಹೇಳಿಕೊಡುವಾಗಲೇ ಅವನಿಗೆ ಗಟ್ಟಿಯಾಗೋದು. ತಾಲ್ಲೂಕು ಕಚೇರಿಯ ಕೆಲಸವೂ ಹೀಗೆಯೇ. ಅರ್ಜಿಯನ್ನು ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳೋದು, ಹಿಂಬರಹ ಬರವಣಿಗೆಯಲ್ಲೇ ಕೇಳೋದು, ಪಹಣಿ ಓದೋದು, 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಎ.ಸಿ.ಗೆ ಅರ್ಜಿ ಹಾಕೋದು. ಇವು ಮಂತ್ರ ಅಲ್ಲ, ಒಬ್ಬರೇ ಬಚ್ಚಿಟ್ಟುಕೊಳ್ಳೋಕೆ. ವಿದ್ಯೆ ಬಚ್ಚಿಟ್ಟವರು ಯಾರು, ಅದರಿಂದ ನಮಗೇನಾಯಿತು ಅನ್ನೋದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪ್ರತಿ ಸಲ ಕೆಲಸ ಮುಗಿದ ಮೇಲೆ ಟೀ ಅಂಗಡಿಯಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ನೀವು ಹೇಳಬೇಡಿ, ಕೇಳಿ. ಏನಾಯ್ತು? ಯಾವುದು ಸರಿ ಹೋಯ್ತು, ಎಲ್ಲಿ ಕೆಟ್ಟಿತು? ಮುಂದಿನ ಸಲ ಏನು ಮಾಡ್ತೀಯ? ಈ ಮೂರೇ ಪ್ರಶ್ನೆ. ಮೊದಲು ಅವನು ಸುಮ್ಮನಿರುತ್ತಾನೆ, ಯಾಕೆಂದರೆ ಅವನನ್ನು ಯಾರೂ ಕೇಳಿದ್ದೇ ಇಲ್ಲ. ಕಾಯಿರಿ. ಅವನಾಗಿ ಕಂಡುಕೊಂಡ ತಪ್ಪನ್ನು ಅವನು ಮರೆಯೋಲ್ಲ.

ತಿದ್ದುವ ವಿಷಯಕ್ಕೆ ಬಂದೆವು. 'ನಿನಗೆ ಬುದ್ಧಿ ಇದೆಯೇನೋ', 'ಇಷ್ಟು ಹೇಳಿದರೂ ತಲೆಗೆ ಹೋಗಲ್ವಾ' ಅನ್ನುವ ಮಾತುಗಳನ್ನು ನಮ್ಮ ಕೇರಿಯವರು ತಲೆತಲಾಂತರದಿಂದ ಕೇಳಿದ್ದಾರೆ. ಹೊಲದ ಒಡೆಯ ಅಂದ, ಶಾಲೆಯ ಮೇಷ್ಟ್ರು ಅಂದ, ಕಚೇರಿಯ ಗುಮಾಸ್ತ ಅಂದ. ಅದೇ ಮಾತು ಸಂಚಾಲಕನ ಬಾಯಲ್ಲೂ ಬಂದರೆ ಹುಡುಗ ಎಲ್ಲಿಗೆ ಹೋಗಬೇಕು? ಹತ್ತು ಜನರ ಮುಂದೆ, ಅದರಲ್ಲೂ ಪೊಲೀಸರ ಮುಂದೆ, ಊರಿನವರ ಮುಂದೆ ನಮ್ಮವನನ್ನು ಬೈಯೋದು ಬೇಡವೇ ಬೇಡ. ಹಾಗಂತ ತಪ್ಪನ್ನು ಬಿಟ್ಟುಬಿಡಿ ಅಂತಲ್ಲ. ಚಂದಾ ದುಡ್ಡಿನ ಲೆಕ್ಕ ಕೊಡದವನನ್ನು, ಕುಡಿದು ಮೀಟಿಂಗಿಗೆ ಬಂದವನನ್ನು, ಹೆಣ್ಣುಮಕ್ಕಳ ಹತ್ತಿರ ಹಗುರವಾಗಿ ನಡೆದುಕೊಂಡವನನ್ನು ಕೇಳಲೇಬೇಕು, ಖಂಡಿತವಾಗಿ ಕೇಳಬೇಕು. ಆದರೆ ಆಳನ್ನು ಬೈಯೋದು ಬೇರೆ, ಆದ ತಪ್ಪನ್ನು ಹೇಳೋದು ಬೇರೆ. 'ನೀನು ಸರಿಯಿಲ್ಲ' ಅನ್ನೋದರಿಂದ ಯಾರೂ ಏನೂ ಕಲಿಯೋಲ್ಲ. 'ಸೋಮವಾರ ಕೊಡ್ತೀನಿ ಅಂದ ರಶೀದಿ ಪುಸ್ತಕ ಇನ್ನೂ ಬಂದಿಲ್ಲ, ಯಾಕೆ?' ಅಂದರೆ ಉತ್ತರ ಕೊಡಬೇಕಾಗುತ್ತದೆ. ಮತ್ತೆ, ಅದೇ ಪ್ರಶ್ನೆಯನ್ನು ಅವನೂ ನಿಮಗೆ ಕೇಳುವ ಹಾಗಿರಬೇಕು.

ದುಡ್ಡಿನ ಮಾತು ಬಂತು. ರಶೀದಿ ಪುಸ್ತಕ, ಖರ್ಚಿನ ನೋಟುಬುಕ್ಕು ಹೊಸಬರ ಕೈಗೆ ಕೊಡಿ. ತಿಂಗಳಿಗೊಮ್ಮೆ ಕೇರಿಯ ಮಧ್ಯೆ ಲೆಕ್ಕ ಓದಿಸಿ. ಬಾವುಟ ಕಟ್ಟೋಕೆ, ಕುರ್ಚಿ ಹಾಕೋಕೆ ಮಾತ್ರ ಹುಡುಗರು ಬೇಕು, ಮೈಕು ಮತ್ತು ದುಡ್ಡು ಮಾತ್ರ ನಮ್ಮ ಕೈಯಲ್ಲಿರಬೇಕು ಅಂದರೆ ಹುಡುಗರು ಎಷ್ಟು ದಿನ ಇರುತ್ತಾರೆ? ಕುರ್ಚಿ ಹಾಕಿದ್ದಕ್ಕೆ ದುಡ್ಡು ಕೊಡುವ ಪಕ್ಷಗಳು ಊರ ತುಂಬ ಇವೆ.

ಎಲ್ಲರನ್ನೂ ಭಾಷಣಕಾರರನ್ನಾಗಿ ಮಾಡೋಕೆ ಹೋಗಬೇಡಿ. ಒಬ್ಬ ಹಾಡುತ್ತಾನೆ. ಒಬ್ಬಳು ಅರ್ಜಿ ಚೆನ್ನಾಗಿ ಬರೆಯುತ್ತಾಳೆ. ಒಬ್ಬ ಮಾತೇ ಆಡೋಲ್ಲ, ಆದರೆ ಆಸ್ಪತ್ರೆಯಲ್ಲಿ ಗಾಯಾಳು ಪಕ್ಕ ಮೂರು ರಾತ್ರಿ ಕೂತಿರುತ್ತಾನೆ. ಯಾರಿಗೆ ಏನು ಕೂಡುತ್ತೆ ಅಂತ ನೋಡಿ ಕೊಡೋದು ಸಂಚಾಲಕನ ಕಣ್ಣು.

ಹೆಣ್ಣುಮಕ್ಕಳ ಬಗ್ಗೆ ನೇರವಾಗಿ ಹೇಳುತ್ತೇವೆ. ಬಾಬಾಸಾಹೇಬರು 1942ರ ಜುಲೈನಲ್ಲಿ ನಾಗಪುರದ ಸಮ್ಮೇಳನದ ಜೊತೆಗೇ ಹೆಂಗಸರ ಸಮ್ಮೇಳನವನ್ನೂ ನಡೆಸಿದರು, ಸಾವಿರಾರು ಹೆಂಗಸರು ಬಂದಿದ್ದರು. ಒಂದು ಸಮಾಜ ಎಷ್ಟು ಮುಂದೆ ಹೋಗಿದೆ ಅನ್ನೋದನ್ನು ಹೆಂಗಸರು ಎಷ್ಟು ಮುಂದೆ ಹೋಗಿದ್ದಾರೆ ಅನ್ನೋದರಿಂದ ಅಳೆಯುತ್ತೇನೆ ಅಂತ ಅಲ್ಲಿ ಹೇಳಿದರು. ರಾತ್ರಿ ಒಂಬತ್ತಕ್ಕೆ ಮೀಟಿಂಗು ಕರೆದು 'ಹೆಂಗಸರು ಬರೋಲ್ಲ' ಅಂದರೆ ಹೇಗೆ? ಹೊತ್ತು ಬದಲಾಯಿಸಿ. ಮಗು ಎತ್ತಿಕೊಂಡು ಬರಲಿ, ಮಗುವನ್ನು ಗಂಡಸರು ನೋಡಿಕೊಳ್ಳಲಿ. ಶಿಬಿರದಲ್ಲಿ ಪಾತ್ರೆ ತೊಳೆಯುವ ಸರದಿ ಸಂಚಾಲಕರಿಗೂ ಬರಲಿ. ಜಾನ್ಸ್ ದ್ವೀಪದ ಶಾಲೆ ನಡೆಸಿದವರು ಯಾರು ಅಂತ ಆಗಲೇ ಹೇಳಿದೆವು.

ಇನ್ನು ಭಯ. ನಿಮ್ಮ ಕಾರ್ಯಕರ್ತನ ಅಪ್ಪ ಯಾರ ಹೊಲದಲ್ಲಿ ಕೂಲಿ ಮಾಡುತ್ತಾನೆ ಅಂತ ನಿಮಗೆ ಗೊತ್ತಿರಬೇಕು. ಅಕ್ಕ ಅಂಗನವಾಡಿಯಲ್ಲಿದ್ದಾಳಾ, ಅವನ ಮೇಲೆ ಕೇಸು ಬಿದ್ದರೆ ಮನೆ ನಡೆಯೋದು ಹೇಗೆ, ಇದೂ ಗೊತ್ತಿರಬೇಕು. ಗೊತ್ತಿಲ್ಲದೆ ಹುಡುಗನನ್ನು ಮುಂದೆ ತಳ್ಳಿ ತಾವು ಹಿಂದೆ ನಿಲ್ಲೋದು ನಾಯಕತ್ವ ಅಲ್ಲ. 'ಎಷ್ಟು ಭಾರ ಹೊರಬಲ್ಲೆ ಹೇಳು' ಅಂತ ಅವನನ್ನೇ ಕೇಳಿ. ಹೊರಲಾರೆ ಅಂದರೆ ಹೇಡಿ ಅನ್ನಬೇಡಿ. ಇವತ್ತು ಕರಪತ್ರ ಹಂಚಲಿ, ನಾಳೆ ಠಾಣೆಗೆ ಬರುತ್ತಾನೆ. ಅವನಿಗೆ ಏನಾದರೂ ಆದರೆ ಜಾಮೀನಿಗೆ, ವಕೀಲರಿಗೆ, ಮನೆಯ ಅಕ್ಕಿಗೆ ಸಂಘಟನೆ ಇದೆ ಅನ್ನೋದು ಮೊದಲೇ ಗೊತ್ತಿದ್ದರೆ ಧೈರ್ಯ ತಾನಾಗಿ ಬರುತ್ತೆ. ಧೈರ್ಯ ಭಾಷಣದಿಂದ ಬರೋದಲ್ಲ.

'ಹುಡುಗರನ್ನು ಬೆಳೆಸಿದರೆ ನಾಳೆ ನಮ್ಮನ್ನೇ ಮೀರುತ್ತಾರೆ, ಬೇರೆ ಬಣ ಕಟ್ಟುತ್ತಾರೆ' ಅಂತ ಕೆಲವರು ಒಳಗೊಳಗೇ ಹೆದರುತ್ತಾರೆ. ಬಣಗಳ ಇತಿಹಾಸ ನಮಗೆಲ್ಲ ಗೊತ್ತಿದೆ. ಆದರೆ ಸಂಘಟನೆ ಒಡೆದಿರುವುದು ಹುಡುಗರು ಬೆಳೆದದ್ದರಿಂದಲೋ, ಬೆಳೆದವರಿಗೆ ಜಾಗ ಕೊಡದೆ ಇದ್ದದ್ದರಿಂದಲೋ ಯೋಚನೆ ಮಾಡಿ. ನಮ್ಮನ್ನು ಮೀರಲಿ ಅಂತಲೇ ಅಲ್ಲವೇ ನಾವು ದುಡಿಯುತ್ತಿರುವುದು? ಮಗ ಅಪ್ಪನಿಗಿಂತ ಹೆಚ್ಚು ಓದಿದರೆ ಕೂಲಿ ಮಾಡಿದ ಅಪ್ಪ ಅಳುತ್ತಾನೆಯೇ?

ಗೆಳೆಯರೆ, ಮಾತು ಸಾಕು. ಇಲ್ಲಿಂದ ಹೋಗುವ ಮೊದಲು ಒಬ್ಬೊಬ್ಬರೂ ನಿಮ್ಮ ನೋಟುಬುಕ್ಕಿನಲ್ಲಿ ಮೂರು ಹೆಸರು ಬರೆಯಿರಿ. ಅದರಲ್ಲಿ ಒಂದಾದರೂ ಹೆಣ್ಣುಮಗಳದ್ದಿರಲಿ. ಪ್ರತಿ ಹೆಸರಿನ ಮುಂದೆ ಒಂದು ಕೆಲಸ ಬರೆಯಿರಿ, ಇವತ್ತಿನವರೆಗೆ ನೀವೇ ಮಾಡುತ್ತಿದ್ದ ಕೆಲಸ. ದೂರು ಬರೆಸೋದು, ಲೆಕ್ಕ ಇಡೋದು, ಅಧಿಕಾರಿ ಹತ್ತಿರ ಮಾತಾಡೋದು, ಯಾವುದಾದರೂ ಸರಿ. ಮೂರು ತಿಂಗಳಲ್ಲಿ ಆ ಕೆಲಸವನ್ನು ಅವರು ನೀವಿಲ್ಲದೆ ಮಾಡಬೇಕು. ಅದೇ ನಿಮ್ಮ ವರದಿ. ಎಷ್ಟು ಧರಣಿ ಮಾಡಿದಿರಿ, ಎಷ್ಟು ಸನ್ಮಾನ ಆಯಿತು ಅನ್ನೋದನ್ನು ನಾವು ಕೇಳೋದಿಲ್ಲ.

ಮತ್ತೆ, ಮುಂದಿನ ಶಿಬಿರಕ್ಕೆ ದಯವಿಟ್ಟು ನೀವು ಬರಬೇಡಿ. ಆ ಮೂವರಲ್ಲಿ ಒಬ್ಬರನ್ನು ಕಳಿಸಿ. ಬಸ್ ಚಾರ್ಜು ಕೊಟ್ಟು ಕಳಿಸಿ.

ಜೈ ಭೀಮ್.